ಕಳ್ಳಗಾಳಿ

ಮೂರು ವಾರವಾಯಿತು ಗಾಡಿಗೆ ಹುಚ್ಚು ಹಿಡಿದು.
ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ತಾನೇ ಏರುತ್ತದೆ ದನಿ,
ಹೊರಡೆಂದು ಕಿವಿ ಹಿಂಡಿದರೆ
ಉಸಿರು ಕಟ್ಟಿ ಮುಗ್ಗರಿಸುತ್ತದೆ.

ಎಂಬತ್ತೊಂಬತ್ತರ ಆರೆಕ್ಸ್ ಹಂಡ್ರೆಡ್.
ಆಯನೂರು, ಕುಂಸಿ, ಚೋರಡಿ, ಆಚೆ ರಿಪ್ಪನ್‌ಪೇಟೆ,
ನನ್ನನ್ನೂ ಲಸಿಕೆಯ ಐಸು ಡಬ್ಬಿಯನ್ನೂ ಹೊತ್ತು ತಿರುಗಿದ್ದು.
ಕಾಲುಬಾಯಿ ಜ್ವರದ ವರ್ಷ ಒಂದೇ ದಿನ ನಲವತ್ತು ಕೊಟ್ಟಿಗೆ.
ನಾನು ನಿವೃತ್ತನಾದೆ.
ಅದಕ್ಕೆ ಯಾರೂ ಆದೇಶ ಕಳಿಸಲಿಲ್ಲ.

ಗಾರ್ಡನ್ ಏರಿಯಾದ ಬುಡನ್ ಸಾಬರು
ಜೆಟ್ ಬದಲಿಸಿದರು. ಫ್ಲೋಟ್ ಅಲುಗಿಸಿ ನೋಡಿದರು.
ಪಾಯಿಂಟಿನ ನಡುವೆ ಸಿಗರೇಟು ಪ್ಯಾಕಿನ ಕಾಗದ ತೂರಿಸಿ ಎಳೆದರು.
ಪ್ಲಗ್ ಬಿಚ್ಚಿದರೆ ಅದರ ಮೂಗು
ಸುಣ್ಣ ಮೆತ್ತಿದಂತೆ ಬಿಳಿ.
"ಎಲ್ಲಿಂದಲೋ ಏರ್ ಎಳೀತಿದೆ ಸಾರ್. ಗೊತ್ತಾಗ್ತಿಲ್ಲ."

ಗೊತ್ತಾಗ್ತಿಲ್ಲ ಎಂಬ ಮಾತು ಆ ಬಾಯಿಂದ
ಕೇಳಿದ್ದು ಅದೇ ಮೊದಲು.
ಹಿಂದೆಲ್ಲ, ನಾನಿನ್ನೂ ಬಿ.ಎಚ್. ರಸ್ತೆಯ ತಿರುವಿನಲ್ಲಿರುವಾಗಲೇ
ಚಹಾದ ಲೋಟ ಕೆಳಗಿಡದೆ ಹೇಳುತ್ತಿದ್ದರು:
ಚೈನು ಸಡಿಲ, ರಿಂಗು ಮುಗಿದಿದೆ,
ನಿನ್ನೆ ಯಾರಿಗೋ ಓಡಿಸಲು ಕೊಟ್ಟಿದ್ದೀರಿ.

ಈಗ ಲೋಟ ಕೆಳಗಿಟ್ಟು ನನ್ನ ತುಟಿ ನೋಡುತ್ತಾರೆ.
ಹಿಂದಿನಿಂದ ಮೊಮ್ಮಗ ಸುಹೇಲ ಎರಡು ಸಲ ಕೂಗಿದ
ಹತ್ತು ನಂಬರಿನ ಸ್ಪ್ಯಾನರಿಗೆ. ತಿರುಗಲಿಲ್ಲ.
ಮೂರನೇ ಸಲ ಕೂಗದೆ ಅವನೇ ಎದ್ದು ಬಂದು ತಗೊಂಡ,
ಏನೂ ಆಗದವನ ಹಾಗೆ.
ಆ 'ಹಾಗೆ'ಯಲ್ಲಿ ನನಗೆ ತಿಳಿಯಿತು.

ದನಗಳ ನಡುವೆ ಮೂವತ್ತು ವರ್ಷ ಕಳೆದವನಿಗೆ
ಅಷ್ಟು ಗೊತ್ತು: ನೋವಿರುವ ಕಡೆಗೆ
ನೇರ ಕೈ ಹಾಕಬಾರದು.

ಮರುದಿನ ಸ್ಟೆತಾಸ್ಕೋಪು ತಂದೆ.
"ಮನೇಲಿ ಸುಮ್ನಿರಕ್ಕೆ ಆಗ್ತಿಲ್ಲ ಸಾಬ್ರೆ, ಇದೊಂದು ಆಟ" ಅಂದೆ.
ಬಿಲ್ಲೆ ಕಳಚಿ, ಬರಿಯ ಕೊಳವೆಯ ತುದಿಯನ್ನು
ಓಡುವ ಎಂಜಿನ್ನಿನ ಸುತ್ತ ಆಡಿಸಿದೆ.
ಫಿಲ್ಟರ್ ಡಬ್ಬಿ, ಕಾರ್ಬೊರೇಟರಿನ ಕೊರಳು, ಆಮೇಲೆ
ಅದಕ್ಕೂ ಸಿಲಿಂಡರಿಗೂ ನಡುವಿನ ಕರಿ ರಬ್ಬರು.
ಅಲ್ಲಿ, ಅಡಿಯ ಮಗ್ಗುಲಲ್ಲಿ,
ಕರುವಿನ ಬಾಯಿಂದ ಮೊಲೆ ಜಾರಿ
ಗಾಳಿ ಚೀಪಿದಂಥ ಸದ್ದು.

ಏನೂ ಹೇಳಲಿಲ್ಲ. ನನ್ನ ಕಿವಿಯಿಂದ ತೆಗೆದು
ಅವರ ಕಿವಿಗಿಟ್ಟೆ.

ಆಗಿನ ಅವರ ಮುಖವನ್ನು ನಾನು ಬಣ್ಣಿಸುವುದಿಲ್ಲ.
ಬಿರುಕು ಸಿಕ್ಕ ಮೇಲೂ ಕೊಳವೆ ಹಿಡಿದು ಅಲೆದರು,
ಮ್ಯಾಗ್ನೆಟ್ಟಿನ ಕಡೆ, ಹೆಡ್ಡಿನ ಕಡೆ, ಸೈಲೆನ್ಸರಿನ ಬುಡಕ್ಕೆ,
ಬಹಳ ಕಾಲದ ಮೇಲೆ ಕೇರಿಗೆ ಬಂದವನು
ಒಂದೊಂದೇ ಬಾಗಿಲಲ್ಲಿ ನಿಂತು ಕ್ಷೇಮ ಕೇಳುವಂತೆ.

ಬಿಚ್ಚಿದ ರಬ್ಬರು ಒಣತೊಗಲು.
ಮಡಚಿದೊಡನೆ ಬಾಯಿ ಬಿಟ್ಟಿತು.
ಎರಡು ಲೋಹ ಒಂದನ್ನೊಂದು ಕುಟ್ಟದಿರಲೆಂದು
ತಾನು ನಡುಗುವುದೇ ಅದರ ಕೆಲಸ.
ನಡುಗಲಾಗದ ದಿನ ಸೀಳುತ್ತದೆ.

ಅಂಗಡಿಯ ಅಟ್ಟದಿಂದ ಹೊಸದೊಂದು ಇಳಿಯಿತು,
ಕಂಪನಿಯ ಪೊಟ್ಟಣ, ಮೇಲೆ ತೊಂಬತ್ತೆರಡರ ಬೆಲೆ.
ಅದೂ ಮುದಿಯಾಗಿತ್ತು
ಒಂದು ದಿನವೂ ಗಾಡಿ ಹತ್ತದೆ.
ಕಡೆಗೆ ಕೊಯಮತ್ತೂರಿನ ಡೂಪ್ಲಿಕೇಟು ಮೆತ್ತಗೆ ಸಿಕ್ಕಿತು.
ಚಹಾದಂಗಡಿಯ ಬಿಸಿನೀರಲ್ಲಿ ಅದ್ದಿ ತೊಡಿಸಿದರು.
"ಸಾಕು ಸುಹೇಲ, ಜಾಸ್ತಿ ಬಿಗೀಬೇಡ, ಕುತ್ತಿಗೆ ಅದು."
ಒಂದೇ ಒದೆತ. ಮೆಲುಕಿಗೆ ಕೂತ ಹಸುವಿನಂತೆ
ಒಂದೇ ಸಮ ಆಡತೊಡಗಿತು.

ಸ್ಟೆತಾಸ್ಕೋಪು ಅಲ್ಲೇ ಮರೆತು ಬಂದೆ.
ಮರೆತೆ ಅಂತಲೇ ಇಟ್ಟುಕೊಳ್ಳೋಣ.

ಎಂಟು ದಿನಕ್ಕೆ ಸುಹೇಲ ಮನೆಗೆ ತಂದ.
"ಇದ್ರ ರಬ್ಬರೂ ಹೋಗಿತ್ತಂತೆ ಸಾರ್. ದಾದಾ ಹಾಕ್ಸಿದಾರೆ.
ಅವ್ರಿಗೊಂದು ಬೇರೆ ಮಾಡ್ಕೊಂಡ್ರು, ಆಯಿಲ್ ಫನೆಲ್ ಕಟ್ಟಿ."
ಹಳೆಯ ಕೊಳವೆಯ ಜಾಗದಲ್ಲಿ ಪೆಟ್ರೋಲ್ ಪೈಪು,
ಎರಡೂ ತುದಿಗೆ ಪುಟ್ಟ ಕ್ಲಿಪ್ಪು.
ಕಿವಿಗಿಟ್ಟು ಎದೆಗೆ ಒತ್ತಿಕೊಂಡೆ.
ಈ ವಯಸ್ಸಿಗೆ ಬೇಡವಾದಷ್ಟು ಸ್ಪಷ್ಟ.

ಎಷ್ಟಾಯಿತಪ್ಪ, ಅಂದೆ.
ಮೆಟ್ಟಿಲಿಳಿಯುತ್ತ ಹುಡುಗ ತಿರುಗಿ ಏನೋ ಹೇಳಿದ.
ಕೊಳವೆ ಕಿವಿಯಲ್ಲೇ ಇತ್ತು,
ಅವನ ತುಟಿ ನೋಡಿದೆ.